ಇಂಗ್ಲೆಂಡಿನಲ್ಲಿ ಮನೆ ಮಾರುತ್ತೀರಾ? ಅಟ್ಟದ ಕೆಳಗಿನ ಬೀರು ಸರಿಸಿ

ಇಂಗ್ಲೆಂಡಿನ ಮನೆಗಳಿಗೆ ಇಪಿಸಿ, ಅಂದರೆ ಮನೆ ಎಷ್ಟು ಕಮ್ಮಿ ಇಂಧನದಲ್ಲಿ ನಡೆಯುತ್ತದೆ ಅಂತ ಅಂಕ ಕೊಡುವ ಎನರ್ಜಿ ಸರ್ಟಿಫಿಕೇಟ್ ಮಾಡಿಕೊಡುವುದು ನನ್ನ ಕೆಲಸ. ಟಾರ್ಚು, ಟೇಪು ಹಿಡಿದು ಬರುತ್ತೇನೆ. ಮನೆಯವರು ಖುಷಿಯಿಂದ ಹೊಸ ಅಡುಗೆಮನೆ ತೋರಿಸುತ್ತಾರೆ. ಚೆನ್ನಾಗಿಯೇ ಇರುತ್ತದೆ, ಆದರೆ ಅದಕ್ಕೆ ಒಂದು ಅಂಕವೂ ಇಲ್ಲ! ನನಗೆ ಬೇಕಾದದ್ದು ಅಟ್ಟ, ಗೋಡೆ, ಮನೆ ಮತ್ತು ನೀರು ಬಿಸಿ ಮಾಡುವ ಬಾಯ್ಲರ್, ಕಿಟಕಿ.

ಮಾರುವವರು ಮೊದಲು ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿ ನೋಡಿ. ಸರ್ಟಿಫಿಕೇಟ್ 10 ವರ್ಷ ನಡೆಯುತ್ತದೆ. ಹಳೆಯದು ಚಾಲ್ತಿಯಲ್ಲಿದ್ದರೆ ಅದೇ ಸಾಕು. ಇಲ್ಲದಿದ್ದರೆ ಮನೆಯನ್ನು ಮಾರ್ಕೆಟ್‌ಗೆ ಹಾಕುವ ಮುಂಚೆಯೇ ಹೊಸದಕ್ಕೆ ಹೇಳಿರಬೇಕು. ಹಳೆಯ ಸರ್ಟಿಫಿಕೇಟ್ ಮಾಡಿಸಿದ ಮೇಲೆ ಬಾಯ್ಲರ್ ಬದಲಿಸಿದ್ದರೆ, ಇನ್ಸುಲೇಶನ್ (ಶಾಖ ಹೊರಹೋಗದಂತೆ ತಡೆಯುವ ಪದರ) ಹಾಕಿಸಿದ್ದರೆ ಇನ್ನೊಂದು ಮಾಡಿಸಿ. ಅಂಕ ನೋಡಿ ಮನೆಗೆ ಎ ಇಂದ ಜಿ ವರೆಗೆ ಒಂದು ಬ್ಯಾಂಡ್ ಸಿಗುತ್ತದೆ, ಎ ಎಲ್ಲಕ್ಕಿಂತ ಒಳ್ಳೆಯದು. 68 ಅಂಕ ಬಂದರೆ ಡಿ, 69 ಬಂದರೆ ಸಿ. ಒಂದೇ ಅಂಕದಲ್ಲಿ ಬ್ಯಾಂಡ್ ಬದಲಾಗುತ್ತದೆ.

ನಮ್ಮ ನಿಯಮ ಬಿಗಿ. ನಾನು ಕಣ್ಣಾರೆ ನೋಡಬೇಕು, ಇಲ್ಲಾ ಕಾಗದ ಇರಬೇಕು. ಬಾಯಿಮಾತು ನಡೆಯುವುದಿಲ್ಲ. ಅಟ್ಟದ ಮುಚ್ಚಳದ ಕೆಳಗೇ ಬೀರು ನಿಲ್ಲಿಸಿದ್ದಾರೆ ಅಂದುಕೊಳ್ಳಿ. ನಾನು ಹತ್ತೋಕಾಗಲ್ಲ. ಮೇಲೆ 270 ಮಿಲಿಮೀಟರ್ ಇನ್ಸುಲೇಶನ್ ಇದ್ದರೂ ಸಾಫ್ಟ್‌ವೇರ್ ಮನೆಯ ವಯಸ್ಸು ನೋಡಿ ಏನೋ ಒಂದು ಊಹಿಸಿಕೊಳ್ಳುತ್ತದೆ. ಆ ಊಹೆ ಸಾಮಾನ್ಯವಾಗಿ ನಿಮ್ಮ ಪರವಾಗಿ ಇರುವುದಿಲ್ಲ. ಬೀರು ಸರಿಸಿ. ಹಲಗೆ ಹಾಸಿದ್ದರೆ ಒಂದನ್ನು ಎತ್ತಿಡಿ, ಸ್ಕೇಲ್ ಇಟ್ಟು ಅಳೆದು ಫೋಟೋ ತೆಗೀತೀನಿ.

ಕ್ಯಾವಿಟಿ ಗೋಡೆಯೊಳಗೆ, ಅಂದರೆ ಎರಡು ಪದರಗಳ ನಡುವೆ ಖಾಲಿ ಜಾಗ ಬಿಟ್ಟು ಕಟ್ಟಿದ ಗೋಡೆಯೊಳಗೆ, ಇನ್ಸುಲೇಶನ್ ತುಂಬಿಸಿದ್ದರೆ ಹೊರಗೆ ಗುರುತು ಉಳಿದಿರುತ್ತದೆ. ಇಟ್ಟಿಗೆಗಳ ನಡುವಿನ ಗಾರೆಯಲ್ಲಿ, ನಾಣ್ಯದಷ್ಟು ಅಗಲದ, ಮತ್ತೆ ಮುಚ್ಚಿದ ತೂತುಗಳು ಸಾಲಾಗಿ ಕಾಣುತ್ತವೆ. ಮೇಲೆ ಬಣ್ಣ ಬಳಿದಿದ್ದರೆ ಗ್ಯಾರಂಟಿ ಪತ್ರ ಹುಡುಕಿಡಿ. ಒಳಗೋಡೆಗೆ ಬೋರ್ಡ್ ಹೊಡೆಸಿ ಅದರ ಹಿಂದೆ ಇನ್ಸುಲೇಶನ್ ಹಾಕಿಸಿದವರಿಗಂತೂ ಕಾಗದವೇ ಗತಿ.

"ನಮ್ಮ ಗ್ಯಾಸ್ ಬಿಲ್ ಬಹಳ ಕಮ್ಮಿ" ಅಂತ ಬಿಲ್ ತಂದು ತೋರಿಸುವವರೂ ಇದ್ದಾರೆ. ಪಾಪ, ಅದು ಲೆಕ್ಕಕ್ಕೆ ಬರುವುದಿಲ್ಲ. ನೀವು ಸ್ವೆಟರ್ ಹಾಕಿಕೊಂಡು ಹೀಟಿಂಗ್ ಆರಿಸಿ ಕೂತಿರಬಹುದು, ಅಲ್ವಾ? ಅಂಕ ಕೊಡುವುದು ಮನೆಗೆ, ಇರುವವರ ಅಭ್ಯಾಸಕ್ಕಲ್ಲ.

ಇನ್ನು ಕೊಳ್ಳುವವರು. ಇಪಿಸಿಯಲ್ಲಿ ಸಿ ಇದೆ ಅಂತ ಮನೆ ಗಟ್ಟಿಯಾಗಿದೆ ಅಂದುಕೊಳ್ಳಬೇಡಿ. ತೇವ, ಬಿರುಕು, ಸೋರುವ ಚಾವಣಿ ನಾನು ನೋಡುವ ವಿಷಯಗಳಲ್ಲ. ಬ್ಯಾಂಕ್ ಮಾಡಿಸುವ ವ್ಯಾಲ್ಯುಯೇಶನ್ ಕೂಡ ಸಾಲಕ್ಕೆ ಮನೆ ಸಾಕಾ ಅಂತ ನೋಡೋಕೆ, ಅಷ್ಟೇ. ಮನೆಯ ಸ್ಥಿತಿ ಪರೀಕ್ಷಿಸುವ ಸರ್ವೆಯನ್ನು ನೀವೇ ಮಾಡಿಸಬೇಕು. ಸಾಮಾನ್ಯ ಮನೆಗೆ ಮಧ್ಯಮ ಮಟ್ಟದ ಲೆವೆಲ್ 2 ಸರ್ವೆ ಸಾಕು. ತೀರಾ ಹಳೆಯದಾಗಿದ್ದರೆ, ಗೋಡೆ ಒಡೆದು ಜಾಸ್ತಿ ಬದಲಾಯಿಸಿದ್ದರೆ ಇನ್ನೂ ವಿವರವಾದ ಲೆವೆಲ್ 3. ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ ಆಗುವ, ಅಂದರೆ ವ್ಯಾಪಾರದಿಂದ ಹಿಂದೆ ಸರಿಯಲಾಗದಂತೆ ಕರಾರು ಬೀಳುವ ಮುಂಚೆ ರಿಪೋರ್ಟ್ ಕೈಯಲ್ಲಿರಲಿ.

ರಿಪೋರ್ಟಿನಲ್ಲಿ ಕೆಂಪು 3, ಅಂದರೆ ಗಂಭೀರ ಇಲ್ಲವೇ ತುರ್ತು ದೋಷದ ಗುರುತು ಕಂಡರೆ ಓಡಿಹೋಗಬೇಡಿ. ಸರ್ವೇಯರ್‌ಗೆ ಫೋನ್ ಮಾಡಿ, "ನಿಮ್ಮ ಮನೆಯಾಗಿದ್ದರೆ ಮೊದಲು ಯಾವುದನ್ನು ಸರಿ ಮಾಡಿಸ್ತಿದ್ರಿ?" ಅಂತ ಕೇಳಿ. ಬರವಣಿಗೆಯಲ್ಲಿ ಹುಷಾರಾಗಿರುವವರು ಮಾತಿನಲ್ಲಿ ಬಿಚ್ಚಿ ಹೇಳುತ್ತಾರೆ. ಅವರು ಕಾರ್ಪೆಟ್ ಕಿತ್ತು ನೋಡುವುದಿಲ್ಲ, ವೈರಿಂಗ್ ಟೆಸ್ಟ್ ಮಾಡುವುದಿಲ್ಲ ಅನ್ನುವುದೂ ಗೊತ್ತಿರಲಿ.

ಒಂದು ಮಾತ್ರ ಮನೆ ನೋಡಲು ಹೋದಾಗಲೇ ಗಮನಿಸಿ. ಅಟ್ಟದಲ್ಲಿ ಚಾವಣಿಯ ಮರಗಳ ನಡುವೆ ಉಬ್ಬಿದ ಸ್ಪ್ರೇ ಫೋಮ್ ಇದೆಯಾ? ಶಾಖವನ್ನೇನೋ ಹಿಡಿಯುತ್ತದೆ, ಆದರೆ ಮರ ಕೊಳೆತಿದ್ದರೂ ಕಾಣಿಸುವುದಿಲ್ಲ. ಅದಕ್ಕೇ ಎಷ್ಟೋ ಬ್ಯಾಂಕುಗಳು ಅಂಥ ಮನೆಗೆ ಸಾಲ ಕೊಡಲು ಹಿಂಜರಿಯುತ್ತವೆ. ಸರ್ವೆಗೆ ದುಡ್ಡು ಕಟ್ಟುವ ಮುಂಚೆಯೇ ಬ್ಯಾಂಕಿನವರನ್ನು ಕೇಳಿಕೊಳ್ಳಿ.