ಮದ್ದೂರು ವಡೆಗೆ 65 ಕಿಲೋಮೀಟರ್

ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ಒಂಬತ್ತನೇ ಕ್ಲಾಸಿಗೆ ವಾರಕ್ಕೆ ಎರಡು ಪಿಟಿ ಪೀರಿಯಡ್. ಅದರಲ್ಲಿ ಒಂದು, ಪೋರ್ಷನ್ ಮುಗಿದಿಲ್ಲ ಅಂತ ಗಣಿತಕ್ಕೆ ಹೋಗುತ್ತದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವ ಹಾಗೆ ಮೈ ಆಡಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನನ್ನ ಕೈಲಿ ಉಳಿದದ್ದು ವಾರಕ್ಕೆ 40 ನಿಮಿಷ. ಹಾಗಾಗಿ ಶಾಲೆಯ ಹೊರಗೆ ನಡೆಸೋಣ ಅಂತ ಹೊರಟೆ.

ಮೊದಲ ಸಲ ಎಡವಿದೆ. ಮನೆಯವರ ಫೋನಿನಲ್ಲಿ ಹೆಜ್ಜೆ ಎಣಿಸುವ ಆಪ್ ಹಾಕಿಸಿ, ದಿನಕ್ಕೆ 10,000 ಹೆಜ್ಜೆ, ಜಾಸ್ತಿ ನಡೆದವರಿಗೆ ಬಹುಮಾನ ಅಂದೆ. ನಾಲ್ಕೇ ದಿನ. ಓಟದ ಟೀಮಿನ ಇಬ್ಬರು ಎಲ್ಲೋ ಮುಂದೆ ಹೋದರು, ಉಳಿದವರು ಕೈಬಿಟ್ಟರು. ಒಬ್ಬನದು ಮಾತ್ರ ಭಾನುವಾರ ಇದ್ದಕ್ಕಿದ್ದಂತೆ 14,000. ವಿಚಾರಿಸಿದರೆ, ತಂಗಿಯ ತೊಟ್ಟಿಲಿಗೆ ಫೋನ್ ಕಟ್ಟಿ ತೂಗಿದ್ದನಂತೆ. ಮಗುವೂ ಮಲಗಿತು, ಲೆಕ್ಕವೂ ಏರಿತು. ಬೈಯೋಣ ಅಂದರೆ ನಗು ಬಂತು.

ಅಂದ ಹಾಗೆ, ಈ 10,000 ಯಾವ ಡಾಕ್ಟರೂ ಬರೆದುಕೊಟ್ಟ ಲೆಕ್ಕವಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ ‘ಹತ್ತು ಸಾವಿರ ಹೆಜ್ಜೆಯ ಮೀಟರ್’ ಅಂತ. ಅಲ್ಲಿಂದ ಊರೆಲ್ಲ ಹಬ್ಬಿದ್ದು.

ಎರಡನೇ ಸಲ ಫೋನ್ ಬೇಡ ಅಂದೆ. 36 ಮಕ್ಕಳು, ಆರಾರು ಜನರ ಆರು ಟೀಮು. ಗೋಡೆಗೆ ಮೈಸೂರು–ಬೆಂಗಳೂರು ಹಳೇ ರಸ್ತೆಯ ನಕ್ಷೆ, ಸುಮಾರು 145 ಕಿಲೋಮೀಟರ್. ಟೀಮಿನವರು ತಮ್ಮ ಬೀದಿಯಲ್ಲಿ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಎಲ್ಲೇ ನಡೆದರೂ ಆ ದೂರ ನಕ್ಷೆಯ ಮೇಲೆ ಮುಂದೆ ಸರಿಯುತ್ತದೆ. ಶ್ರೀರಂಗಪಟ್ಟಣ, ಮಂಡ್ಯ, ಆಮೇಲೆ 65ರ ಹತ್ತಿರ ಮದ್ದೂರು. ಅಲ್ಲಿಗೆ ಮುಟ್ಟಿದ ಟೀಮಿಗೆ ನನ್ನ ಜೇಬಿನಿಂದ ಮದ್ದೂರು ವಡೆ. ಬಿಡದಿ ಮುಟ್ಟಿದರೆ ತಟ್ಟೆ ಇಡ್ಲಿ.

ನಿಯಮ ಮೂರೇ. ಜೋಡಿ ಇಲ್ಲದೆ ನಡೆದದ್ದು ಲೆಕ್ಕಕ್ಕಿಲ್ಲ; ನೋಟ್‌ಬುಕ್ಕಿನಲ್ಲಿ ಜೋಡಿಯವರ ಸಹಿ ಬೇಕು. ಒಬ್ಬರದು ದಿನಕ್ಕೆ 3 ಕಿಲೋಮೀಟರ್ ಮಾತ್ರ ಲೆಕ್ಕ, ಹತ್ತು ನಡೆದರೂ ಮೂರೇ. ಆರೂ ಜನ ನಡೆದ ದಿನ ಟೀಮಿಗೆ 2 ಕಿಲೋಮೀಟರ್ ಬೋನಸ್.

ಎರಡನೇ ನಿಯಮಕ್ಕೆ ಓಟದ ಹುಡುಗರು ಸಿಡುಕಿದರು. "ಇದ್ಯಾವ ನ್ಯಾಯ ಸಾರ್?" ನಾನು ಜಗ್ಗಲಿಲ್ಲ. ಚೆನ್ನಾಗಿ ಓಡುವವನೊಬ್ಬ ಎಲ್ಲರ ಪಾಲನ್ನೂ ಓಡಿಬಿಟ್ಟರೆ ಉಳಿದವರು ಯಾಕೆ ಚಪ್ಪಲಿ ಹಾಕಬೇಕು?

ಕ್ಲಾಸಿನಲ್ಲಿ ಒಬ್ಬ ದಪ್ಪನೆಯ ಹುಡುಗ. ಕಬಡ್ಡಿಗೆ ಟೀಮು ಆರಿಸುವಾಗ ಯಾವಾಗಲೂ ಕೊನೆಗೆ ಉಳಿಯುತ್ತಿದ್ದ. ಈಗ ಅವನು ಬರದಿದ್ದರೆ ಬೋನಸ್ ಹೋಯಿತು. ಬೆಳಗ್ಗೆ ಆರಕ್ಕೇ ಐದು ಜನ ಅವನ ಮನೆ ಗೇಟಿನ ಮುಂದೆ ನಿಂತು ಕೂಗಲು ಶುರು ಮಾಡಿದರು. ಅವನ ತಾಯಿ ಅಂಗಡಿ ಹತ್ತಿರ ಸಿಕ್ಕಾಗ, "ಮೇಷ್ಟ್ರೇ, ನಾನು ಗಂಟಲು ಹರಕೊಂಡ್ರೂ ಏಳಲ್ಲ. ಇವ್ರು ಬಂದ್ರೆ ಹಲ್ಲುಜ್ಜದೆ ಓಡ್ತಾನೆ" ಅಂದರು. ದೂರೋ ಖುಷಿಯೋ ಗೊತ್ತಾಗಲಿಲ್ಲ.

ಹೆಣ್ಣುಮಕ್ಕಳದು ಬೇರೆ ತೊಂದರೆ. ಸಂಜೆ ಟ್ಯೂಷನ್, ಮುಗಿಯುವಷ್ಟರಲ್ಲಿ ಕತ್ತಲು, ಮನೆಯಲ್ಲಿ ಬಿಡುವುದಿಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ದಾರಿ ಕಂಡುಕೊಂಡವರು ಅವರೇ. ಬೆಳಗ್ಗೆ ಪ್ರೇಯರ್‌ಗಿಂತ ಅರ್ಧ ಗಂಟೆ ಮುಂಚೆ ಬಂದು ಮೈದಾನ ಸುತ್ತಿದರು. ನಮ್ಮದು ಒಂದು ಸುತ್ತಿಗೆ 200 ಮೀಟರ್, ಹತ್ತು ಸುತ್ತಿಗೆ 2 ಕಿಲೋಮೀಟರ್. ನಡೆಯುತ್ತಾ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಮದ್ದೂರು ವಡೆ ಮೊದಲು ತಿಂದದ್ದು ಅವರ ಟೀಮೇ, ಏಳನೇ ದಿನ.

ಮಧ್ಯೆ ಮೂರು ದಿನ ಜೋರು ಮಳೆ ಹಿಡಿಯಿತು. ಒಂದು ಟೀಮು ಚನ್ನಪಟ್ಟಣದಲ್ಲೇ ಕೂತುಬಿಟ್ಟಿತು, ಆಮೇಲೆ ಏಳಲೇ ಇಲ್ಲ. ಐದು ಟೀಮು ಮೂರು ವಾರದಲ್ಲಿ ಬೆಂಗಳೂರು ತಲುಪಿದವು. ಕೊನೆಯ ಭಾನುವಾರ ಎಲ್ಲರೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆವು, ಸಾವಿರ ಮೆಟ್ಟಿಲು. ನಂದಿಯ ಹತ್ತಿರ ಮೊದಲು ಕೂತದ್ದು ನಾನೇ.

ಮುಗಿದ ಮೇಲೂ ನಡೆಯುತ್ತಿರುವವರು ಹತ್ತು ಹನ್ನೆರಡು ಜನ ಇರಬಹುದು. ಈ ವರ್ಷದ ಒಂಬತ್ತನೇ ಕ್ಲಾಸಿನವರಿಗೆ ಬೆಂಗಳೂರು ಬೇಡವಂತೆ, ಮಡಿಕೇರಿ ಬೇಕಂತೆ. ನಕ್ಷೆ ಅಂಟಿಸುವ ಮೊದಲೇ ಒಬ್ಬಳು ಕೇಳಿದಳು: "ಸಾರ್, ಬೈಲಕುಪ್ಪೆಯಲ್ಲಿ ಮೊಮೊ ತಾನೇ?"