ಮೊದಲ ಚಾರಣಕ್ಕೆ ತಡಿಯಂಡಮೋಳ್: ಬೆಟ್ಟ ಹತ್ತುವ ಕ್ರಮ, ಬಯಲಡುಗೆಯ ವಿಧಾನ

ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ ಸಮುದ್ರಮಟ್ಟದಿಂದ 1,748 ಮೀಟರ್ ಎತ್ತರದಲ್ಲಿದ್ದರೂ, ದಾರಿಯ ಬಹುಭಾಗ ನಿಧಾನವಾಗಿ ಏರುವುದರಿಂದ ಸಾಧಾರಣ ಆರೋಗ್ಯವುಳ್ಳ ಹೊಸಬರೂ ಅದನ್ನು ಹತ್ತಬಹುದು. ಬೆಟ್ಟ ಹತ್ತಿಯೇ ಅಭ್ಯಾಸವಿಲ್ಲದವರು ಅದಕ್ಕೂ ಮೊದಲು ಡಾಬಸ್‌ಪೇಟೆಯ ಬಳಿಯ ಶಿವಗಂಗೆಯನ್ನು ಒಮ್ಮೆ ಹತ್ತಿ ಇಳಿಯುವುದು ಒಳ್ಳೆಯದು. ಅಲ್ಲಿನ ಮೆಟ್ಟಿಲುಗಳು ಮಂಡಿಯ ಬಲವನ್ನೂ ಬೂಟಿನ ಹಿಡಿತವನ್ನೂ ಚೆನ್ನಾಗಿ ಪರೀಕ್ಷಿಸುತ್ತವೆ.

ಬೆಟ್ಟದ ಬುಡದ ಊರಾದ ಕಕ್ಕಬ್ಬೆಯಲ್ಲಿ ಅಥವಾ ಅದರ ಸುತ್ತಮುತ್ತಲಿನ ಹೋಂಸ್ಟೇಯಲ್ಲಿ ಹಿಂದಿನ ರಾತ್ರಿಯೇ ತಂಗಿ, ಬೆಳಿಗ್ಗೆ ಬೇಗನೆ ಹೊರಡಬೇಕು. ಅರಣ್ಯ ಇಲಾಖೆಯ ಅನುಮತಿ, ಶುಲ್ಕ ಮತ್ತು ಪ್ರವೇಶದ ಸಮಯ ಬದಲಾಗುತ್ತಿರುವುದರಿಂದ ಅವುಗಳನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿ. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 18ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು ದಾಟಿದ ಮೇಲೆ ದಾರಿ ಕಾಫಿ ತೋಟಗಳ ನಡುವೆ ಸಾಗಿ, ಕ್ರಮೇಣ ಹುಲ್ಲುಗಾವಲಿಗೆ ತೆರೆದುಕೊಳ್ಳುತ್ತದೆ. ಕೊನೆಯ ಭಾಗ ಮಾತ್ರ ಶೋಲಾ ಕಾಡಿನೊಳಗೆ (ಹುಲ್ಲುಗಾವಲಿನ ನಡುವಿನ ಕಣಿವೆಗಳಲ್ಲಿ ಬೆಳೆಯುವ ಗಿಡ್ಡ ಮರಗಳ ದಟ್ಟ ಕಾಡು) ಕಡಿದಾಗಿ ಏರುತ್ತದೆ. ಅಲ್ಲಿ ಬೇರುಗಳ ಮೇಲೆ ಕಾಲಿಡದೆ, ಬೇರುಗಳ ನಡುವಿನ ಮಣ್ಣಿನಲ್ಲಿ ಪಾದ ಊರಿ ಸಣ್ಣ ಹೆಜ್ಜೆಗಳಲ್ಲಿ ಹತ್ತಬೇಕು. ತಲೆಗೆ ಎರಡು ಲೀಟರಿಗಿಂತ ಕಡಿಮೆ ನೀರು ಒಯ್ಯುವುದು ಬೇಡ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಸೂಕ್ತ. ಮಳೆಗಾಲದ ಹಸಿರು ಎಷ್ಟೇ ಚೆಂದವಾಗಿದ್ದರೂ, ಜಿಗಣೆ ಮತ್ತು ಜಾರುವ ದಾರಿಯ ಕಾರಣದಿಂದ ಅದನ್ನು ಹೊಸಬರಿಗೆ ನಾನು ಹೇಳುವುದಿಲ್ಲ.

ಇನ್ನು ಅಡುಗೆಯ ವಿಷಯ. ಬೆಟ್ಟದ ತುದಿಯಲ್ಲಿ ಒಲೆ ಹೂಡಿ ಟೀ ಕಾಯಿಸುವ ಆಸೆ ಅನೇಕರಿಗಿರುತ್ತದೆ. ಅದನ್ನು ಅಲ್ಲಿಗೇ ಬಿಡಬೇಕು. ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧವಷ್ಟೇ ಅಲ್ಲ, ಜನವರಿಯ ನಂತರ ಒಣಗಿ ನಿಂತ ಹುಲ್ಲಿಗೆ ಒಂದು ಕಿಡಿ ತಗುಲಿದರೆ ಗಾಳಿಯ ವೇಗದಲ್ಲಿ ಇಡೀ ಇಳಿಜಾರು ಉರಿಯುತ್ತದೆ. ಸಣ್ಣ ಗ್ಯಾಸ್ ಸ್ಟೌವಿಗೂ ಇದೇ ಮಾತು. ಮೇಲಕ್ಕೆ ಬುತ್ತಿ ಒಯ್ಯಿರಿ: ಹುಣಸೆಹುಳಿ ಚೆನ್ನಾಗಿ ಹಿಡಿದ ಪುಳಿಯೋಗರೆ ಮಧ್ಯಾಹ್ನದವರೆಗೂ ಕೆಡುವುದಿಲ್ಲ, ಮೊಸರನ್ನವಾದರೆ ಹಾಲು ಹೆಚ್ಚಾಗಿ, ಮೊಸರು ಕಡಿಮೆಯಾಗಿ ಬೆರೆಸಿದರೆ ಬೇಗ ಹುಳಿಯಾಗದು.

ಬಯಲಡುಗೆಯನ್ನು ಇಳಿದು ಬಂದ ಮೇಲೆ, ಹೋಂಸ್ಟೇ ಮಾಲೀಕರ ಒಪ್ಪಿಗೆ ಪಡೆದು ಅವರ ಅಂಗಳದಲ್ಲಿ ಮಾಡಿ. ನೆಲದ ತರಗೆಲೆಯನ್ನು ಸುತ್ತ ಎರಡು ಮೀಟರಿನಷ್ಟು ಗುಡಿಸಿ, ಗಾಳಿಗೆ ಗೋಡೆಯ ಮರೆ ಇರುವ ಕಡೆ ಮೂರು ಕಲ್ಲುಗಳನ್ನು ಹೂಡಬೇಕು. ಹೊಳೆಯಿಂದ ಎತ್ತಿದ ಕಲ್ಲನ್ನು ಬಳಸಲೇಬಾರದು. ಒಳಗೆ ಸೇರಿಕೊಂಡ ನೀರು ಕಾದು ಆವಿಯಾದಾಗ ಕಲ್ಲು ಸಿಡಿಯಬಹುದು. ಪಾತ್ರೆಯ ಹೊರಮೈಗೆ ಬೂದಿಯನ್ನು ನೀರಿನಲ್ಲಿ ಕಲಸಿ ತೆಳ್ಳಗೆ ಬಳಿದಿಟ್ಟರೆ, ಮಸಿ ಆ ಲೇಪದ ಮೇಲೆಯೇ ಕೂತು, ತೊಳೆಯುವಾಗ ಕೈಗೆ ಸುಲಭವಾಗಿ ಬಿಟ್ಟುಬರುತ್ತದೆ. ಸೌದೆಯನ್ನು ಕಾಡಿನಿಂದ ತರದೆ ಮನೆಯವರಿಂದಲೇ ಕೊಂಡುಕೊಳ್ಳಿ. ಕಾಫಿ ಗಿಡ ಕತ್ತರಿಸಿದ ಒಣ ಕಡ್ಡಿ ಸಿಕ್ಕರೆ ಬೇಗ ಹತ್ತಿಕೊಳ್ಳುತ್ತದೆ.

ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ನೀರು ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಊರಿಗಿಂತ ಹೆಚ್ಚು ಹೊತ್ತು ಬೇಕು. ದಣಿದವರು ಕಾಯಲಾರರು. ಬೆಳಿಗ್ಗೆಯೇ ನೆನೆಸಿಟ್ಟ ಹೆಸರುಬೇಳೆ ಮತ್ತು ಅಕ್ಕಿಯಿಂದ ಪೊಂಗಲ್ ಮಾಡಿ, ಇಲ್ಲವೇ ಡಿಸೆಂಬರ್‌ನಲ್ಲಿ ಹೋದವರು ಊರಿನಿಂದ ಬೇಯಿಸಿ ತಂದ ಅವರೆಕಾಳು ಹಾಕಿ ಉಪ್ಪಿಟ್ಟು ಮಾಡಿ. ಉಪ್ಪಿಟ್ಟಿಗೆ ರವೆಯನ್ನು ಮನೆಯಲ್ಲೇ ಹುರಿದು ತಂದರೆ ಒಲೆಯ ಮೇಲಿನ ಕೆಲಸ ಕಾಲು ಗಂಟೆಯದು. ಉರಿ ಹೆಚ್ಚಾದಾಗ ನೀರು ಹನಿಸಬೇಡಿ, ಕೊಳ್ಳಿಯನ್ನು ಹಿಂದಕ್ಕೆ ಎಳೆಯಿರಿ.

ಊಟವಾದ ಮೇಲೆ ಕೆಂಡದ ಮೇಲೆ ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ನೀರು ಸುರಿಯಬೇಕು. ಅಂಗೈಯ ಹಿಂಬದಿಯನ್ನು ಬೂದಿಗೆ ಹತ್ತಿರ ಹಿಡಿದಾಗ ಸ್ವಲ್ಪವೂ ಬಿಸಿ ತಾಗದಿದ್ದರೆ ಮಾತ್ರ ಮಲಗಲು ಹೋಗಬಹುದು.