ದೊಡ್ಡ ಗೇರ್ ಹಾಕಿದರೂ ಮಣೆ ಹತ್ತದ ಕಾರು

ರಜೆಗೆ ತುಮಕೂರಿಗೆ ಬಂದಿದ್ದ ಅಕ್ಕನ ಮಗ ಲೆಗೋ ಮಾದರಿಯ ರೋಬೋಟ್ ಕಿಟ್ ತಂದಿದ್ದ. ನಾವಿಬ್ಬರೂ ಕೂತು ಒಂದು ಪುಟ್ಟ ಕಾರು ಕಟ್ಟಿದೆವು. ಮೋಟರಿಗೆ 24 ಹಲ್ಲಿನ ಗೇರ್, ಚಕ್ರದ ಕಡ್ಡಿಗೂ 24ರದ್ದೇ. ನೆಲದ ಮೇಲೆ ಚೆನ್ನಾಗಿ ಓಡಿತು. ಕೂರುವ ಮಣೆಯನ್ನು ಎರಡು ಪುಸ್ತಕಕ್ಕೆ ಒರಗಿಸಿ ಹತ್ತಿಸಲು ಹೋದರೆ ಅರ್ಧಕ್ಕೇ ನಿಂತಿತು.

"ಮಾವ, ಮೋಟರಿಗೆ ದೊಡ್ಡ ಗೇರ್ ಹಾಕೋಣ, ಜಾಸ್ತಿ ಬಲ ಬರುತ್ತೆ" ಅಂದ. ನನಗೂ ಹಾಗೇ ಅನ್ನಿಸಿತ್ತು. ಮೋಟರಿಗೆ 40, ಚಕ್ರಕ್ಕೆ 8 ಹಾಕಿದೆವು. ಈಗ ನೆಲದ ಮೇಲೂ ಅಲುಗಾಡಲಿಲ್ಲ! ಕೈಯಲ್ಲಿ ಎತ್ತಿ ಹಿಡಿದರೆ ಚಕ್ರ ಭರ್ರೆಂದು ತಿರುಗುತ್ತದೆ, ಬೆರಳು ತಾಗಿಸಿದರೆ ಸಾಕು, ನಿಂತುಬಿಡುತ್ತದೆ. ಮೋಟರ್ ಒಂದು ಸುತ್ತು ಹಾಕಿದರೆ ಚಕ್ರ 5 ಸುತ್ತು. ವೇಗ ಐದು ಪಟ್ಟಾಯಿತು, ಬಲ ಐದರಲ್ಲಿ ಒಂದು ಪಾಲಿಗೆ ಇಳಿಯಿತು. ದೇವರಾಯನದುರ್ಗದ ಏರಿನಲ್ಲಿ ಬೈಕನ್ನು ಟಾಪ್ ಗೇರಿನಲ್ಲೇ ಬಿಟ್ಟರೆ ಗೊರಗೊರ ಅಂತ ಆಫ್ ಆಗುತ್ತಲ್ವಾ, ಅದೇ ಕತೆ. (ಚಕ್ರ ಸಿಕ್ಕಿಕೊಂಡಾಗ ಸ್ವಿಚ್ ಬೇಗ ಆರಿಸಿ. ಮೋಟರ್ ಬಿಸಿಯಾಗುತ್ತದೆ.)

ಎರಡನ್ನೂ ಅದಲು ಬದಲು ಮಾಡಿದೆವು. ಕಡ್ಡಿ ತೂರಿಸುವ ತೂತು ಬದಲಿಸಬೇಕಾಗಲಿಲ್ಲ. 24ಕ್ಕೆ 24 ಕೂಡಿದರೂ 48, 8ಕ್ಕೆ 40 ಕೂಡಿದರೂ 48. ಹಲ್ಲುಗಳ ಮೊತ್ತ ಒಂದೇ ಆದರೆ ಕಡ್ಡಿಗಳ ನಡುವಿನ ದೂರವೂ ಒಂದೇ. ಇದು ಗೊತ್ತಾದ ಮೇಲೆ ಸುಮ್ನೆ ಒಂದೊಂದೇ ಗೇರ್ ಹಾಕಿ ತೆಗೆದು ನೋಡುವ ಕೆಲಸ ತಪ್ಪಿತು. ಕಾರು ನಿಧಾನವಾಗಿ ಮಣೆ ಹತ್ತಿತು.

ಆಸೆ ಬೆಳೆಯಿತು. ಮಣೆಯ ಕೆಳಗೆ ನಾಲ್ಕು ಪುಸ್ತಕ. 8 ಮತ್ತು 40ರ ನಡುವೆ ಒಂದು 24 ಸೇರಿಸಿದರೆ ಬಲ ಇನ್ನೂ ಹೆಚ್ಚಬಹುದು ಅಂದುಕೊಂಡೆ. ಕಾರು ಹಿಂದಕ್ಕೆ ಹೊರಟಿತು, ಬಲ ಮಾತ್ರ ಅಷ್ಟೇ. ಸಾಲಾಗಿ ಇಟ್ಟರೆ ನಡುವಿನ ಗೇರ್ ದಿಕ್ಕು ತಿರುಗಿಸುತ್ತದೆ, ಲೆಕ್ಕಕ್ಕೆ ಬರುವುದಿಲ್ಲ.

ಬಲ ಹೆಚ್ಚಬೇಕಾದರೆ ಒಂದೇ ಕಡ್ಡಿಯ ಮೇಲೆ ಎರಡು ಗೇರ್ ಬೇಕು. ಮೋಟರಿನ 8, ನಡುವಿನ ಕಡ್ಡಿಯ 24ನ್ನು ತಿರುಗಿಸುತ್ತದೆ. ಅದೇ ಕಡ್ಡಿಯಲ್ಲಿ ಇನ್ನೊಂದು 8. ಅದು ಚಕ್ರದ 24ನ್ನು ತಿರುಗಿಸುತ್ತದೆ. 8ರಿಂದ 24ಕ್ಕೆ ಬಲ ಮೂರು ಪಟ್ಟು, ಅದೇ ಎರಡು ಸಲ. ಮೂರು ಮೂರಲಿ ಒಂಬತ್ತು. ಇದರಲ್ಲೂ ಕಾರು ಹಿಂದಕ್ಕೇ ಹೋಗುತ್ತದೆ, ಮೋಟರಿನ ವೈರ್ ಅದಲು ಬದಲು ಮಾಡಿದರೆ ಸರಿ.

ಹಾಗೆ ಕಟ್ಟಿದರೂ ಮೊದಲ ಸಲ ಹತ್ತಲಾರದೆ ತಿಣುಕಿತು. ಗೇರ್ ಜಾರದಿರಲಿ ಅಂತ ನಾನೇ ಕಡ್ಡಿಯ ತಡೆಗಳನ್ನು ಒತ್ತಿ ಕೂರಿಸಿದ್ದೆ. ಒಂಬತ್ತು ಪಟ್ಟಿನ ಬಲದಲ್ಲಿ ಒಂದಷ್ಟು ಆ ಉಜ್ಜಾಟಕ್ಕೇ ಹೋಗುತ್ತಿತ್ತು. ಕಾಗದ ತೂರುವಷ್ಟು ಸಂದು ಬಿಟ್ಟು ಸಡಿಲಿಸಿದೆ. ಕಾರು ಇರುವೆಯ ಹಾಗೆ ತೆವಳುತ್ತಾ ಮೇಲೆ ತಲುಪುವ ಹೊತ್ತಿಗೆ ಅಕ್ಕ ಊಟಕ್ಕೆ ಮಣೆ ಕೇಳಲು ಎರಡು ಸಲ ಬಂದು ಹೋಗಿದ್ದಳು.